ಮೇಲಿನ ಪದರದ ಗೆರೆ

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಗುಂಡಿ ಹಚ್ಚುವುದು, ಗುಂಡಿ ತೂರಿಸುವ ಕಾಜಾ ಕಟ್ಟುವುದು, ಅಂಚು ಮಡಚಿ ಹೊಲಿಯುವುದು, ಇಷ್ಟೇ ಅವಳ ಕೆಲಸ. ಕಿಟಕಿಯ ಪಕ್ಕದ ಮಣೆ ಅವಳದು. ಬೆಳಕು ಅಲ್ಲೇ ಚೆನ್ನಾಗಿ ಬರುತ್ತಿತ್ತು. ಆ ಜಾಗಕ್ಕಾಗಿ ಅವಳು ಒಂದು ಕಾಲದಲ್ಲಿ ಜಗಳವನ್ನೇ ಆಡಿದ್ದಳು.

ಅವಳ ಗಂಡ ಅದೇ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಅವನಿಗೆ ಮೇಷ್ಟ್ರು ಎಂದು ಹೆಸರು. ಶಾಲೆಯಲ್ಲಿ ಕಲಿಸಿದವನಲ್ಲ, ಕಲಿತದ್ದೂ ಅಷ್ಟಕ್ಕಷ್ಟೆ. ಆದರೆ ಬಾಯಿ ಮಾತ್ರ ಮೇಷ್ಟ್ರದೇ. ವಾದ ಸಿಕ್ಕರೆ ಊಟ ಬಿಡುತ್ತಿದ್ದ. ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ಕತ್ತರಿ ಕೆಳಗಿಟ್ಟು ಹಿಡಿದುಬಿಡುತ್ತಿದ್ದ. ಎದುರಿನವನು ಆಡದ ಮಾತನ್ನು ಆಡಿದನೆಂದು ಹೇಳಿ ಅದನ್ನೇ ಬಡಿಯುವವರನ್ನು ಕಂಡರೆ, "ಗಿರಾಕಿ ಇಲ್ಲಿ ನಿಂತಿದ್ದಾನೆ, ನೀನು ಬೊಂಬೆಗೆ ಹೊಲೀತಿದ್ದೀಯ" ಎನ್ನುತ್ತಿದ್ದ. ಸೋತಾಗ ಮಾತು ಬದಲಿಸುವವರಿಗೆ, "ಗುಂಡಿ ಸೇರಲಿಲ್ಲ ಅಂತ ಕಾಜಾ ಜರುಗಿಸ್ಬೇಡ" ಎನ್ನುತ್ತಿದ್ದ. ಹೇಳಿದ್ದನ್ನು ಬಿಟ್ಟು ಹೇಳಿದವನ ಕುಲಗೋತ್ರ ತೆಗೆದರೆ, "ಅಳತೆ ನೋಡಯ್ಯ, ಆಳನ್ನಲ್ಲ." ಕೋಣೆಯೆಲ್ಲ ನಗುತ್ತಿತ್ತು. ಗುಂಡಿಯಕ್ಕನೂ ಬಾಯಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು. ತನ್ನ ಮಾತಿನ ತಪ್ಪು ಮಾತ್ರ ಅವನಿಗೆ ಒಂದು ದಿನವೂ ಕಂಡದ್ದಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮೇಷ್ಟ್ರು ಸತ್ತದ್ದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕತ್ತರಿಸುವ ಮೇಜಿನ ಕೆಳಗೆ.

ಅಂದು ಬೆಳಿಗ್ಗೆ ಇಸ್ತ್ರಿ ಮಾಡುವವನ ಜೊತೆ ಅವನಿಗೆ ಜಗಳವಾಗಿತ್ತು. ಆಸ್ಪತ್ರೆಯ ಆಯಾಗಳ ಅಂಗಿಗೆಂದು ಹೊಸ ಬಟ್ಟೆ ಬಂದಿತ್ತು. ಇಸ್ತ್ರಿಯವನು ಅದರ ಮೂಲೆಗೆ ನೀರು ಚಿಮುಕಿಸಿ, ಕಾವು ಕೊಟ್ಟು ನೋಡಿ, "ಮೇಷ್ಟ್ರೇ, ಇದು ಕುಗ್ಗೋ ಬಟ್ಟೆ. ನೀರಿಗೆ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿ" ಎಂದ. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ನಾನು ಕತ್ತರಿ ಹಿಡಿದಾಗ ನೀನಿನ್ನೂ ಹುಟ್ಟಿರಲಿಲ್ಲ. ಇಸ್ತ್ರಿ ಒತ್ತೋನು ನನಗೆ ಬಟ್ಟೆ ಹೇಳಿಕೊಡ್ತಾನೆ!" ಎಂದು ಕೂಗಿದ. ಅವನೂ ಬಿಡಲಿಲ್ಲ. "ವಯಸ್ಸಿಗೆ ಬಟ್ಟೆ ಹೆದರಲ್ಲ ಮೇಷ್ಟ್ರೇ" ಎಂದ. ಮಾತು ಬೆಳೆಯಿತು. ಮೇಷ್ಟ್ರು ಹಟಕ್ಕೆ ಬಿದ್ದು ಬಟ್ಟೆಯನ್ನು ಹಾಗೇ ಹಾಸಿ ಕತ್ತರಿಸಿದ. ಮಧ್ಯಾಹ್ನ ಅವರಿಬ್ಬರನ್ನು ಬಿಟ್ಟು ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿದ್ದಾಗ ಇಸ್ತ್ರಿಯವನು ಹೊರಗೆ ಓಡಿಬಂದ. ಒಳಗಿನ ಮೇಜಿನ ಕಡೆ ಕೈ ತೋರಿಸಿದ.

ಡಾಕ್ಟರು ಹೃದಯ ನಿಂತಿತು ಎಂದರು. ಆಸ್ಪತ್ರೆಯ ಬಾಗಿಲಲ್ಲಿ ಗುಂಡಿಯಕ್ಕ ಇಸ್ತ್ರಿಯವನ ಅಂಗಿ ಹಿಡಿದು ಜಗ್ಗಿದಳು. ಏನೋ ಕಿರುಚಿದಳು. ಯಾರೋ ಬಿಡಿಸಿದರು. ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ.

ಅವಳು ಮತ್ತೆ ಕೆಲಸಕ್ಕೆ ಬರುವ ಹೊತ್ತಿಗೆ ಕೋಣೆಯ ಗಾಳಿ ಬದಲಾಗಿತ್ತು. ಇಸ್ತ್ರಿಯವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅಂಗಿಗಳನ್ನು ಅವನ ಕೈಗೆ ಕೊಡದೆ ಹತ್ತಿರದ ಸ್ಟೂಲಿನ ಮೇಲೆ ಎಸೆದು ಹೋಗುತ್ತಿದ್ದರು. ಓವರ್‌ಲಾಕ್ ಎಂದು ಎಲ್ಲರೂ ಕರೆಯುವ ಹೆಂಗಸೊಬ್ಬಳಿದ್ದಳು. ಬಟ್ಟೆಯ ಅಂಚು ಸುತ್ತುವ ಯಂತ್ರ ಅವಳದು, ಬಾಯಿಯೂ ಅದರ ಹಾಗೇ, ಒಮ್ಮೆ ಶುರುವಾದರೆ ದಾರ ಮುಗಿಯುವ ತನಕ ನಿಲ್ಲದು. ಅವಳು ಗುಂಡಿಯಕ್ಕನ ಪಕ್ಕ ಮಣೆ ಎಳೆದುಕೊಂಡು ಕೂತಳು.

"ನೋಡಕ್ಕ, ಅವನು ಒಂದು ಮಾತೂ ಆಡಲ್ಲ. ತಪ್ಪು ಮಾಡದೋನು ಸುಮ್ಮನಿರ್ತಾನಾ?"

"ಅವತ್ತು ಮಣ್ಣಿಗೆ ಹೋದಾಗ ಅತ್ತನಂತಲ್ಲ."

"ಅಳದೇ ಏನು ಮಾಡ್ತಾನೆ? ಮಾಡಿದ್ದು ಚುಚ್ಚುತ್ತೆ, ಅಳ್ತಾನೆ."

ಸುಮ್ಮನಿದ್ದರೂ ತಪ್ಪಿತಸ್ಥ, ಅತ್ತರೂ ತಪ್ಪಿತಸ್ಥ. ಗುಂಡಿಯಕ್ಕನಿಗೆ ಅದು ಆಗ ವಿಚಿತ್ರವಾಗಿ ಕಾಣಲಿಲ್ಲ. ಹಿತವಾಗಿಯೇ ಇತ್ತು. ಬೆಳಿಗ್ಗೆ ಏಳುತ್ತಲೇ ಅವಳ ಹೊಟ್ಟೆಯೊಳಗೆ ಒಂದು ಬೆಂಕಿ ಏಳುತ್ತಿತ್ತು. ಆ ಬೆಂಕಿಗೆ ಒಂದು ಮುಖ ಬೇಕಿತ್ತು. ಇಸ್ತ್ರಿಯವನ ಮುಖ ದಿನವೂ ಎದುರಿಗೇ ಸಿಗುತ್ತಿತ್ತು. ಅವನನ್ನು ನೋಡಿ ಹಲ್ಲು ಕಚ್ಚಿದರೆ ಸಂಜೆಯ ತನಕ ಸೂಜಿ ನಡೆಯುತ್ತಿತ್ತು.

ಹಾಗಿರುವಾಗ ಆಯಾಗಳ ಅಂಗಿಗಳು ವಾಪಸ್ಸು ಬಂದವು. ಒಂದೇ ಒಗೆತಕ್ಕೆ ಕುಗ್ಗಿದ್ದವು. ತೋಳು ಮೊಣಕೈಗೆ ಏರಿತ್ತು. ಎದೆಯ ಮೇಲೆ ಗುಂಡಿಗಳು ಜಗ್ಗಾಡುತ್ತಿದ್ದವು. ಕಾರ್ಖಾನೆಯ ಯಜಮಾನಿ ಗಂಟನ್ನು ಕತ್ತರಿಸುವ ಮೇಜಿನ ಮೇಲೆ ಸುರಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅವಳು ಕೆಟ್ಟವಳಲ್ಲ. ಮೇಷ್ಟ್ರ ಬಾಯಿಯನ್ನು ಅಷ್ಟು ಕಾಲ ತಡೆದುಕೊಂಡವಳು. ಆದರೆ ತಲೆನೋವು ಬಂದರೆ ಬೇಗ ಕಳೆಯಬೇಕು ಅವಳಿಗೆ.

"ಇಸ್ತ್ರಿ ಕಾವು ಹೆಚ್ಚು ಮಾಡಿ ಹಾಳು ಮಾಡಿದ್ದಾನೆ," ಎಂದಳು.

ಇಸ್ತ್ರಿಯವನು ಮೆಲ್ಲಗೆ, "ಇಸ್ತ್ರಿಗೆ ಇಷ್ಟು ಕುಗ್ಗಲ್ಲ ಅಮ್ಮ. ನಾನು ಅವತ್ತೇ ಮೇಷ್ಟ್ರಿಗೆ ಹೇಳಿದ್ದೆ," ಎಂದ.

"ನೋಡಿ, ನೋಡಿ!" ಓವರ್‌ಲಾಕ್ ಯಂತ್ರ ನಿಲ್ಲಿಸಿದಳು. "ಸತ್ತೋರ ಮೇಲೆ ಹಾಕ್ತಾನೆ. ಅವರು ಬಂದು ಇಲ್ಲ ಅಂತಾರಾ?"

"ಆ ಮನುಷ್ಯನ ಜೀವಾನೇ ತೆಗೆದೋನು ಬಟ್ಟೆ ಹಾಳು ಮಾಡಲ್ವಾ?" ಎಂದಳು ಯಜಮಾನಿ. ಆಮೇಲೆ ಗುಂಡಿಯಕ್ಕನ ಕಡೆ ತಿರುಗಿದಳು. "ಅವನನ್ನ ಕಳಿಸಿಬಿಡ್ತೀನಿ. ಆದರೆ ನಿನ್ನ ಬಾಯಿಂದ ಬರಲಿ. ಬೆಂದಿರೋಳು ನೀನು. ನಾಡಿದ್ದು ಎಲ್ಲರ ಎದುರು ಒಂದು ಮಾತು ಹೇಳು, ಸಾಕು."

ಇಲ್ಲಿಂದ ಹೋದರೆ ಇಸ್ತ್ರಿಯವನಿಗೆ ಬೇರೆ ಬಾಗಿಲಿಲ್ಲ. ಆ ಬೀದಿಯಲ್ಲಿರುವುದೆಲ್ಲ ಹೊಲಿಗೆ ಕಾರ್ಖಾನೆಗಳೇ. ಒಂದರ ಮಾತು ಸಂಜೆಯೊಳಗೆ ಇನ್ನೊಂದಕ್ಕೆ ಮುಟ್ಟುತ್ತದೆ. ಜೊತೆಯವನನ್ನು ಕೊಂದು ಬಂದವನು ಎಂದರೆ ಯಾರು ಒಳಗೆ ಬಿಡುತ್ತಾರೆ? ಇದು ಗುಂಡಿಯಕ್ಕನಿಗೂ ಗೊತ್ತಿತ್ತು. ಹೋಗಲಿ ಎಂದುಕೊಂಡಳು. ಆದರೆ ಎಲ್ಲರ ಎದುರು ಹೇಳುವ ಮಾತು ಗಟ್ಟಿಯಾಗಿರಬೇಕು. ಕಂಡವರು ಒಬ್ಬರಾದರೂ ಬೇಕು. ಆ ಹೊತ್ತಿನಲ್ಲಿ ಕಿಟಕಿಯಿಂದ ಬಗ್ಗಿ ನೋಡಿದವರೋ, ಕೂಗು ಕೇಳಿದವರೋ.

ಮನೆಗೆ ಹೋದಾಗ ನಾದಿನಿ ಬಂದು ಕೂತಿದ್ದಳು. ಮೇಷ್ಟ್ರ ತಂಗಿ. ಅಣ್ಣ ಸತ್ತ ಮೇಲೆ ದಿನವೂ ಬಂದು ಪಾತ್ರೆ ತೊಳೆದಿಟ್ಟು, ಅತ್ತು ಹೋಗುತ್ತಿದ್ದಳು. ಗುಂಡಿಯಕ್ಕ ಯಜಮಾನಿಯ ಮಾತನ್ನು ಅವಳಿಗೆ ತಿಳಿಸಿದಳು.

"ಹೇಳಿಬಿಡಿ ಅತ್ತಿಗೆ, ಅದರಲ್ಲಿ ಯೋಚನೆ ಏನು? ಬೆಳಿಗ್ಗೆ ಜಗಳ, ಮಧ್ಯಾಹ್ನ ಸಾವು. ಇನ್ನೇನು ಬೇಕು?"

"ಡಾಕ್ಟ್ರು ಹೃದಯ ಅಂದ್ರಲ್ಲ."

"ಹೃದಯ ಸುಮ್‌ಸುಮ್ನೆ ನಿಲ್ಲುತ್ತಾ? ಊರೆಲ್ಲ ಅದನ್ನೇ ಹೇಳ್ತಿದೆ. ಊರಿಗೇ ಹುಚ್ಚಾ?"

"ನಿನಗೆ ಹೇಳಿದ್ದು ಯಾರು?"

"ನಿಮ್ಮ ಓವರ್‌ಲಾಕ್. ಅವಳಿಗೆಲ್ಲ ಗೊತ್ತು."

ಮರುದಿನ ಗುಂಡಿಯಕ್ಕ ಓವರ್‌ಲಾಕ್‌ನ ಪಕ್ಕ ಹೋಗಿ ನಿಂತಳು. "ನೀನು ಕಂಡ್ಯಾ, ಅವನು ಏನು ಮಾಡಿದ ಅಂತ?"

"ನಾನು ಅಂಗಳದಲ್ಲಿದ್ದೆ ಅಲ್ವಾ ಅಕ್ಕ, ನಿನ್ನ ಪಕ್ಕಾನೇ. ಉಪ್ಪಿನ ಡಬ್ಬಿ ಕೇಳಿದ್ಯಲ್ಲ."

"ಮತ್ತೆ ಹೇಗೆ ಗೊತ್ತು?"

"ಯಜಮಾನಿಯೇ ಹೇಳಿದ್ರು. ದೊಡ್ಡೋರು ಸುಳ್ಳು ಹೇಳ್ತಾರಾ?"

ಗುಂಡಿಯಕ್ಕ ಹೋಗಿ ಕೇಳಿದಾಗ ಯಜಮಾನಿ ಬಟ್ಟೆಯ ಗಂಟಿನ ಮೇಲಿಂದ ತಲೆಯೆತ್ತಿದಳು. "ನಾನೆಲ್ಲಿ ಇದ್ದೆ ಅವತ್ತು? ಗಿರಾಕಿ ಹತ್ರ ಹೋಗಿದ್ದೆ. ನಿನ್ನ ನಾದಿನಿ ಬಂದು ಹೇಳಿ ಅತ್ತಳು. ಒಡಹುಟ್ಟಿದೋಳು ಅಣ್ಣನ ಸಾವಿನ ಮೇಲೆ ಸುಳ್ಳು ಹೇಳ್ತಾಳಾ?"

ಗುಂಡಿಯಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ನಾದಿನಿಗೆ ಓವರ್‌ಲಾಕ್ ಹೇಳಿದ್ದು. ಓವರ್‌ಲಾಕ್‌ಗೆ ಯಜಮಾನಿ ಹೇಳಿದ್ದು. ಯಜಮಾನಿಗೆ ನಾದಿನಿ ಹೇಳಿದ್ದು. ಒಬ್ಬಳ ಬೆನ್ನು ಇನ್ನೊಬ್ಬಳು ಹಿಡಿದುಕೊಂಡು ಮೂವರೂ ಗಟ್ಟಿಯಾಗಿ ನಿಂತಿದ್ದಾರೆ. ಕಂಡವರು ಒಬ್ಬರೂ ಇಲ್ಲ.

ಸಂಜೆ ನಾದಿನಿಯನ್ನು ಮತ್ತೆ ಹಿಡಿದಳು. "ಎಲ್ಲಕ್ಕಿಂತ ಮೊದಲು ಯಾರ ಬಾಯಲ್ಲಿ ಕೇಳಿದೆ? ಯೋಚನೆ ಮಾಡಿ ಹೇಳು."

ನಾದಿನಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಏನತ್ತಿಗೆ ಹೀಗೆ ಕೇಳ್ತೀರಿ? ನಿಮ್ಮ ಬಾಯಲ್ಲೇ. ಆಸ್ಪತ್ರೆ ಬಾಗಿಲಲ್ಲಿ ಅವನ ಅಂಗಿ ಹಿಡಿದು, ನೀನೇ ಕೊಂದೆ, ನನ್ನ ಗಂಡನ್ನ ನೀನೇ ಕೊಂದೆ ಅಂತ ಕಿರುಚಿದ್ರಲ್ಲ. ನಿಮಗೆ ಗೊತ್ತಿಲ್ಲದೆ ಹೇಳ್ತೀರಾ?"

ಗುಂಡಿಯಕ್ಕ ಅಲ್ಲೇ ನೆಲದ ಮೇಲೆ ಕೂತಳು.

ಗಂಡನ ಮೇಜು ಕಣ್ಣ ಮುಂದೆ ಬಂತು. ಪದರದ ಮೇಲೆ ಪದರ ಬಟ್ಟೆ. ಕತ್ತರಿಸಲು ಎಳೆದ ಗೆರೆ ಇರುವುದು ಮೇಲಿನ ಪದರದ ಮೇಲೆ ಮಾತ್ರ. ಅಡಿಯವು ಗೆರೆಯನ್ನೇ ಕಂಡಿರುವುದಿಲ್ಲ. ಮೇಲೆ ಹೇಗೋ ಕೆಳಗೂ ಹಾಗೆ ತುಂಡಾಗುತ್ತವೆ. ಒಮ್ಮೆ ಅವನು ಕುತ್ತಿಗೆಯ ಗೆರೆಯನ್ನು ಓರೆಯಾಗಿ ಎಳೆದಿದ್ದ. ಅಷ್ಟೂ ಅಂಗಿ ಓರೆಯಾಗಿ ಬಂದಿದ್ದವು. ಒಂದರ ಪಕ್ಕ ಒಂದಿಟ್ಟು ನೋಡಿ, ಎಲ್ಲ ಒಂದೇ ಸಮ ಇದೆ, ತಪ್ಪಿರಲಾರದು ಎಂದಿದ್ದ.

ತಾನು ಗೆರೆ ಎಳೆದಿದ್ದಳು. ಕಣ್ಣು ಕಾಣದ ಹೊತ್ತಿನಲ್ಲಿ ಎಳೆದಿದ್ದಳು. ಆಮೇಲೆ ಊರಿನ ಬಾಯಲ್ಲಿ ಅದನ್ನೇ ಕೇಳಿ, ಊರೆಲ್ಲ ಹೇಳುತ್ತಿದೆ, ನಿಜವೇ ಇರಬೇಕು ಎಂದು ನಂಬಿದ್ದಳು.

"ಅತ್ತಿಗೆ, ಏನಾಯ್ತು? ನೀರು ಕೊಡ್ಲಾ?"

"ಬೇಡ. ನೀನು ಮನೆಗೆ ಹೋಗು."

ಇದರಿಂದ ಅವಳಿಗೆ ಸಮಾಧಾನವಾಯಿತೆಂದು ಯಾರೂ ತಿಳಿಯಬಾರದು. ಅವನು ಕೊಂದಿಲ್ಲವಾದರೆ ಯಾರು? ಯಾರೂ ಅಲ್ಲವಾದರೆ ಈ ಬೆಂಕಿಯನ್ನು ಎಲ್ಲಿಗೆ ಎಸೆಯಲಿ? ನಾಳೆ ಬೆಳಿಗ್ಗೆ ಎದ್ದು ಯಾರ ಮುಖ ನೋಡಿ ಹಲ್ಲು ಕಚ್ಚಲಿ? ಸುಮ್ಮನೆ ಇದ್ದುಬಿಡೋಣ ಎಂದೂ ಅನ್ನಿಸಿತು. ಒಂದು ಮಾತು ಹೇಳಿದರೆ ಅವನು ಹೋಗುತ್ತಾನೆ, ಗಂಡನ ಹೆಸರೂ ಉಳಿಯುತ್ತದೆ. ಕುಗ್ಗಿದ ಅಂಗಿಗಳ ತಪ್ಪೂ ಅವನ ಜೊತೆಗೇ ಹೋಗುತ್ತದೆ.

ಯಜಮಾನಿ ಹೇಳಿದ ದಿನ ಬಂತು. ಊಟ ಮುಗಿಸಿ ಎಲ್ಲರೂ ಸೇರಲಿ ಎಂದಿದ್ದಳು. ಉಳಿದವರು ಡಬ್ಬಿ ಹಿಡಿದು ಅಂಗಳಕ್ಕೆ ಹೋದಾಗ ಗುಂಡಿಯಕ್ಕ ಒಳಗೇ ಉಳಿದಳು. ಇಸ್ತ್ರಿಯವನು ಗೋಡೆಗೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದ.

"ಅವತ್ತು ಏನಾಯ್ತೋ? ನೇರವಾಗಿ ಹೇಳು."

ಅವನು ಎದ್ದು ನಿಂತ. "ಏನು ಹೇಳ್ಲಿ ಅಕ್ಕ. ನಾನೇ ಮಾಡಿದ್ದು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಏನು ಮಾಡಿದೆ? ಕೈ ಮಾಡಿದ್ಯಾ?"

"ಅಯ್ಯೋ, ಇಲ್ಲ ಅಕ್ಕ."

"ಬೈದ್ಯಾ?"

"ಬೆಳಿಗ್ಗೆ ಆಡಿದ್ದಷ್ಟೆ, ನೀವೂ ಕೇಳಿದ್ರಿ. ಮಧ್ಯಾಹ್ನ ಇಬ್ಬರಿಗೂ ಮಾತಿಲ್ಲ. ಈಗ ಕೂತಿದ್ನಲ್ಲ, ಹೀಗೇ ಬೆನ್ನು ಹಾಕಿ ಕೂತಿದ್ದೆ. ಕತ್ತರಿ ಬಿದ್ದ ಸದ್ದಾಯ್ತು. ಸಿಟ್ಟಿಗೆ ಎಸೆದ್ರು ಅಂದ್ಕೊಂಡೆ. ತಿರುಗಲಿಲ್ಲ. ಎರಡು ತುತ್ತು ತಿಂದೆ. ಆಮೇಲೆ ತಿರುಗಿದೆ."

"ಮತ್ತೆ ನಾನೇ ಮಾಡಿದ್ದು ಅಂತೀಯಲ್ಲ?"

"ಇಷ್ಟು ಜನ ಹೇಳ್ತಾರಲ್ಲ ಅಕ್ಕ. ಎಲ್ಲರೂ ಸುಮ್ಮನೆ ಹೇಳ್ತಾರಾ? ನಾನೂ ಯೋಚನೆ ಮಾಡಿ ಮಾಡಿ ನೋಡಿದೆ. ನನ್ನ ಮಾತಿಂದಲೇ ಹೋಗಿರಬೇಕು ಅನ್ಸುತ್ತೆ."

ಗುಂಡಿಯಕ್ಕ ಅವನ ಮುಖವನ್ನು ಅಂದೇ ಸರಿಯಾಗಿ ನೋಡಿದ್ದು. ಕೆನ್ನೆ ಒಳಕ್ಕೆ ಹೋಗಿತ್ತು. ಡಬ್ಬಿಯಲ್ಲಿ ಅನ್ನ ಮುಟ್ಟದೆ ಹಾಗೇ ಇತ್ತು.

"ಜನ ಅಲ್ಲ ಕಣೋ," ಎಂದಳು. "ನಾನೊಬ್ಬಳೇ. ನೀನು ಜನ ಜನ ಅಂತೀಯಲ್ಲ, ಅದೆಲ್ಲ ನಾನೇ."

ಅವನಿಗೆ ಅರ್ಥವಾಗಲಿಲ್ಲ. "ಆಗಲೇ ತಿರುಗಿದ್ರೆ ಬದುಕ್ತಿದ್ರಾ ಅಕ್ಕ?" ಎಂದು ಕೇಳಿದ.

ಇಲ್ಲ ಎನ್ನಬೇಕೆಂದು ಬಾಯಿ ತೆರೆದು, ತಡೆದಳು. ಗೊತ್ತಿಲ್ಲದ್ದನ್ನು ಹೇಳಿ ಆದ ಅನಾಹುತ ಸಾಕಾಗಿತ್ತು. "ಗೊತ್ತಿಲ್ಲಪ್ಪ," ಎಂದಳು. "ನನಗೂ ಗೊತ್ತಿಲ್ಲ. ಊಟ ಮಾಡು."

ಎಲ್ಲರೂ ಒಳಗೆ ಬಂದು ನಿಂತರು. ಗುಂಡಿಯಕ್ಕ ಕತ್ತರಿಸುವ ಮೇಜು ಹಿಡಿದು ಮಾತಾಡಿದಳು. ಉದ್ದಕ್ಕೆ ಮಾತಾಡಿ ಅಭ್ಯಾಸವಿಲ್ಲದವಳು.

"ಬಟ್ಟೆ ನೀರಿಗೆ ಹಾಕದೆ ಕತ್ತರಿಸಿದ್ದು ನನ್ನ ಗಂಡ. ಬೇಡ ಅಂತ ಇವನು ಹೇಳಿದ. ಅದಕ್ಕೇ ಜಗಳ ಆಗಿದ್ದು. ನೀವೂ ಕೇಳಿದ್ದೀರಿ, ಈಗ ಮರೆತಿದ್ದೀರಿ. ಅಂಗಿ ಕುಗ್ಗಿದ್ದು ಅವರ ಹಟಕ್ಕೆ. ಇವನು ಕೊಂದ ಅಂದಿದ್ದು ನಾನು. ನಾನು ನೋಡಿರಲಿಲ್ಲ. ನೋಡಿದೋರು ಯಾರೂ ಇಲ್ಲ. ಇಷ್ಟೇ."

ಗಂಡನ ಹಟ ಎನ್ನುವಾಗ ಅವಳ ನಾಲಿಗೆ ತಡೆಯಿತು. ಆ ಕೋಣೆಯಲ್ಲಿ ಅವನನ್ನು ಮೇಷ್ಟ್ರು ಎಂದು ಕರೆದವರೆಲ್ಲ ಕೇಳುತ್ತಿದ್ದರು.

ಓವರ್‌ಲಾಕ್ ಮೊದಲು ಬಾಯಿ ಬಿಟ್ಟಳು. "ಹಾಗಾದ್ರೆ ಮೇಷ್ಟ್ರು ಹೇಗೆ ಸತ್ರು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ ಮೇಲೆ ಇವನಲ್ಲ ಅಂತ ಹೇಗೆ ಹೇಳ್ತೀಯಕ್ಕ?"

"ನೀನಲ್ಲ ಅಂತ ಹೇಗೆ ಹೇಳ್ಲಿ? ನೀನೂ ಅವತ್ತು ಬೆಳಿಗ್ಗೆ ಅವರ ಜೊತೆ ದಾರದ ಉಂಡೆಗೆ ಕಿತ್ತಾಡಿದ್ದೆ."

ಯಾರೋ ಕಿಸಕ್ಕನೆ ನಕ್ಕರು. ಓವರ್‌ಲಾಕ್‌ನ ಮುಖ ಕೆಂಪಾಯಿತು. "ಓಹೋ! ಗಂಡ ಹೋಗಿ ಕಣ್ಣೀರು ಆರಿಲ್ಲ, ಆಗಲೇ ಇನ್ನೊಬ್ಬನ ಪರ ವಕಾಲತ್ತು. ಊಟಕ್ಕೂ ಹೊರಗೆ ಬರಲಿಲ್ಲ ಇವತ್ತು. ಒಳಗೆ ಏನು ಮಾತುಕತೆ ಆಯ್ತೋ!"

ಮೇಷ್ಟ್ರು ಇದ್ದಿದ್ದರೆ ಅಳತೆ ನೋಡು, ಆಳನ್ನಲ್ಲ ಎಂದು ಒಂದೇ ಏಟಿಗೆ ಕೂರಿಸುತ್ತಿದ್ದ. ಗುಂಡಿಯಕ್ಕನಿಗೆ ಆ ಬಾಯಿಯಿಲ್ಲ. "ಅನ್ಕೋ. ಆದರೂ ನಾನು ಹೇಳಿದ್ದು ಹೇಳಿದ್ದೇ," ಎಂದಳು.

ಯಜಮಾನಿ ಗೊಣಗಿದಳು. "ಇವತ್ತು ನಿನ್ನ ಮಾತಿಗೆ ಇವನನ್ನ ಇಟ್ಕೊಂಡ್ರೆ, ನಾಳೆ ಪ್ರತಿಯೊಬ್ಬರೂ ಬಂದು ಅವನನ್ನ ಇಟ್ಕೋ, ಇವನನ್ನ ತೆಗಿ ಅಂತಾರೆ. ಆಮೇಲೆ ಯಜಮಾನಿ ನಾನೋ ನೀವೋ?"

"ಅಮ್ಮ, ನನ್ನ ಮಾತಿಗೇ ತೆಗೀತೀನಿ ಅಂದಿದ್ರಿ. ತೆಗೆಯೋಕೆ ಆಗೋ ಮಾತು ಇಟ್ಕೊಳ್ಳೋಕೆ ಯಾಕಾಗಲ್ಲ?"

ಯಜಮಾನಿ ಕುಗ್ಗಿದ ಅಂಗಿಗಳ ಗಂಟನ್ನು ಕಾಲಿನಿಂದ ಅವಳ ಕಡೆ ನೂಕಿದಳು. "ಇರಲಿ ಅವನು. ಹೋಗಿ ಎಲ್ಲರೂ ಕೆಲಸ ನೋಡಿ. ಇದನ್ನ ಬಿಚ್ಚು. ತೋಳಿಗೂ ಪಕ್ಕಕ್ಕೂ ಪಟ್ಟಿ ಕೊಟ್ಟು ಸರಿ ಮಾಡೋಣ."

ಇಸ್ತ್ರಿಯವನು ಉಳಿದ. ಅವನ ಜೊತೆ ಮಾತು ಶುರುವಾಯಿತೇ ಎಂದರೆ, ಇಲ್ಲ. ಅಂಗಿಗಳು ಸ್ಟೂಲಿನ ಮೇಲೆಯೇ ಬೀಳುತ್ತಿದ್ದವು. ಈಗ ಗುಂಡಿಯಕ್ಕನ ಮಣೆಯ ಪಕ್ಕವೂ ಯಾರೂ ಕೂರಲಿಲ್ಲ. ನಾದಿನಿಗೆ ಸುದ್ದಿ ಅದೇ ಸಂಜೆ ಮುಟ್ಟಿತು. ಬಾಗಿಲಲ್ಲೇ ನಿಂತು, "ನಮ್ಮಣ್ಣನ್ನ ನಾಲ್ಕು ಜನರ ಮುಂದೆ ತಪ್ಪಿತಸ್ಥ ಮಾಡಿದ್ರಿ. ನೀವು ಅಣ್ಣನ ಕಡೆಯೋ, ಆ ಇಸ್ತ್ರಿಯವನ ಕಡೆಯೋ?" ಎಂದಳು. ಎರಡೇ ಕಡೆ ಇರಬೇಕೇನೇ ಎಂದು ಗುಂಡಿಯಕ್ಕ ಕೇಳುವಷ್ಟರಲ್ಲಿ ಹೊರಟುಹೋದಳು. ಆಮೇಲೆ ಬರಲಿಲ್ಲ.

ಗುಂಡಿಯಕ್ಕ ಕಿಟಕಿಯ ಬಳಿ ಕೂತು ಅಂಗಿಗಳನ್ನು ಬಿಚ್ಚತೊಡಗಿದಳು. ಗುಂಡಿಗಳು ಅವಳೇ ಹಚ್ಚಿದ್ದು. ಗಟ್ಟಿಯಾಗಿ ಹಚ್ಚಿದ್ದಳು, ಬಿಚ್ಚಲು ಕಷ್ಟವಾಯಿತು. ಅಡಿಯಲ್ಲಿ ಗಂಡನ ಕತ್ತರಿಯ ಅಂಚು. ಎಷ್ಟು ನೇರ! ಒಂದು ನೂಲಿನಷ್ಟೂ ಅಲುಗಿಲ್ಲ. ಅಷ್ಟು ನೇರವಾಗಿ ಕತ್ತರಿಸಿದ ಬಟ್ಟೆ ಯಾರ ಮೈಗೂ ಆಗದೆ ಹೋಗಿತ್ತು.

"ಒಂದು ದಿನ ನೆನೆಸಿದ್ರೆ ಏನಾಗ್ತಿತ್ತು," ಎಂದಳು, ಅಂಗಿಗೆ ಹೇಳುವ ಹಾಗೆ. "ಒಬ್ಬರ ಮಾತು ಕೇಳಿದ್ರೆ ಏನು ಕಳ್ಕೋತಿದ್ರಿ ನೀವು."

ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಸತ್ತ ಮೇಲೆ ಅವನ ಮೇಲೆ ಬಂದ ಮೊದಲ ಸಿಟ್ಟು ಅದು. ಬಹಳ ಹೊತ್ತು ನಿಲ್ಲಲಿಲ್ಲ. ಅದು ಹೋದ ಮೇಲೆ ಹೊಟ್ಟೆಯೊಳಗೆ ಏನೂ ಉಳಿದಿರಲಿಲ್ಲ. ಹಿಡಿಯಲು ಯಾರ ಅಂಗಿಯೂ ಇರಲಿಲ್ಲ. ಅವನು ಸತ್ತಿದ್ದ, ಅಷ್ಟೇ ಇತ್ತು. ಅವಳು ಕುಗ್ಗಿದ ತೋಳಿಗೆ ಮುಖ ಒತ್ತಿಕೊಂಡು ಅತ್ತಳು.

ಯಂತ್ರಗಳ ಸದ್ದಿನ ನಡುವೆ ಓವರ್‌ಲಾಕ್ ಪಕ್ಕದವಳಿಗೆ ಹೇಳುವುದು ಕೇಳಿಸಿತು. "ನೋಡು, ಹೇಗೆ ಅಳ್ತಾಳೆ. ಸುಳ್ಳು ಹೇಳಿದ್ದು ಈಗ ಚುಚ್ಚುತ್ತೆ."

ಗುಂಡಿಯಕ್ಕ ತಲೆಯೆತ್ತಲಿಲ್ಲ. ಅನ್ನುವವರು ಅನ್ನಲಿ ಎಂದು ಅಳುತ್ತಲೇ ಇದ್ದಳು.